ಸಿಡಿಯದ ಕಾಯಿ

ಸೈದಾ, 20 ನವೆಂಬರ್ 1949

ಪ್ರೀತಿಯ ಒಡೆಟ್,

ಈ ಕಾಗದ ಸೈಪ್ರಸ್ ಸುತ್ತಿಕೊಂಡು ನಿನ್ನ ಕೈಗೆ ಬರುತ್ತದೆ. ಯುದ್ಧವಾದ ಮೇಲೆ ಗಡಿಯ ಈಚೆಯಿಂದ ಆಚೆಗೆ ಅಂಚೆಯೇ ಇಲ್ಲವಲ್ಲ. ಲಾರ್ನಾಕಾದಲ್ಲಿರುವ ನಿನ್ನ ಸೋದರಮಾವ ಲಕೋಟೆ ಬದಲಾಯಿಸಿ ಕಳಿಸಿಕೊಡುತ್ತಾರೆಂದು ಇಲ್ಲಿನ ಪಾದ್ರಿಯೊಬ್ಬರು ಹೇಳಿದರು. ನಡೆದರೆ ನಾಲ್ಕು ದಿನಕ್ಕೆ ನಿನ್ನ ನಾಸಿರಾ ಊರಿನ ಬಾಗಿಲು ತಟ್ಟಬಹುದು. ಕಾಗದ ಮಾತ್ರ ಕಡಲು ದಾಟಿ ಹೋಗಿ ಮತ್ತೆ ಕಡಲು ದಾಟಿ ಬರಬೇಕು.

ನಾವು ಬದುಕಿದ್ದೇವೆ. ಸೈದಾ ಪಟ್ಟಣದ ಹೊರಗೆ ಒಂದು ಡೇರೆಯಲ್ಲಿದ್ದೇವೆ. ಫಾಯೆಜ್ ಕಿತ್ತಳೆ ತೋಟಗಳಲ್ಲಿ ಕೂಲಿಗೆ ಹೋಗುತ್ತಾರೆ. ಅತ್ತೆ ನಲ್ಲಿಯ ಹತ್ತಿರ ಕೂತು ದಿನಕ್ಕೊಬ್ಬರ ಜೊತೆ ಜಗಳವಾಡುತ್ತಾರೆ. ಸೆಪ್ಟೆಂಬರಿನಲ್ಲಿ ನನಗೆ ಗಂಡುಮಗು ಹುಟ್ಟಿತು. ನಬೀಹ್ ಎಂದು ಹೆಸರಿಟ್ಟೆವು. ಕಿವಿ ನನ್ನಪ್ಪನದು, ಅಳು ಯಾರದೋ ಗೊತ್ತಿಲ್ಲ.

ಹಾಲಾ ಇಲ್ಲ, ಒಡೆಟ್. ನೀನು ಟೋಪಿ ಹೆಣೆದು ಕಳಿಸಿದ್ದೆಯಲ್ಲ, ಆ ಹಾಲಾ. ಹಿಂದಿನ ವರ್ಷ ಅಕ್ಟೋಬರ್ ಕೊನೆಯಲ್ಲಿ ಊರು ಬಿಟ್ಟು ಗಡಿಯ ಕಡೆ ನಡೆಯುವಾಗ ದಾರಿಯಲ್ಲೇ ಹೋದಳು. ಮೂರು ತಿಂಗಳ ಕೂಸು. ಹೆಚ್ಚಿಗೆ ಬರೆಯಲಾರೆ.

ಒಂದು ಕೆಲಸ ಕೇಳಲು ಬರೆಯುತ್ತಿದ್ದೇನೆ. ಅವಳನ್ನು ನಮ್ಮೂರು ಐನ್ ಸಿಂದ್ಯಾನಿನ ಬುಗ್ಗೆಯಿಂದ ಮೇಲೆ, ಸಿಡಿಲು ಬಡಿದ ಓಕ್ ಮರ ದಾಟಿದ ಮೇಲೆ ಸಿಗುವ ಕೆಂಪು ಮಣ್ಣಿನ ಮೆಟ್ಟಿಲುಗದ್ದೆಯ ಮೂಲೆಯಲ್ಲಿ ಮಣ್ಣು ಮಾಡಿದ್ದಾರೆ. ಕಲ್ಲು ನೆಡಲು ಹೊತ್ತಿರಲಿಲ್ಲ. ಅದು ಬಿತ್ತನೆಯ ವಾರ. ಅತ್ತೆಯ ಸೊಂಟದ ಚೀಲದಲ್ಲಿ ಬಿತ್ತನೆಗೆಂದು ಇಟ್ಟ ತುರ್ಮುಸ್ ಕಾಳಿತ್ತು. ಅದನ್ನೇ ಮಣ್ಣಿನ ಮೇಲೆ ಎರಚಿದರಂತೆ. "ಹಸಿ ತುರ್ಮುಸ್ ಕಹಿ ಕಣೇ," ಎಂದರು ನನಗೆ. "ಮೇಕೆ ಮೂತಿ ಇಡಲ್ಲ, ಹಂದಿ ಅಗೆಯಲ್ಲ. ಕಾವಲುಗಾರ ಬೇಡ."

ಮಾರ್ಚಿನಲ್ಲಿ ಅದು ಹೂ ಬಿಡುತ್ತದೆ. ಹೋಗಿ ನೋಡಿ ಬರುತ್ತೀಯಾ? ಬರುವ ಮಾರ್ಚಿನಲ್ಲೇ ಹೋಗಬೇಕು. ಯಾಕೆಂದು ಮುಂದಿನ ಕಾಗದದಲ್ಲಿ ಹೇಳುತ್ತೇನೆ, ನಬೀಹ್ ಎದ್ದ.

ನಿನ್ನ
ರಯೀಫಾ


ನಾಸಿರಾ, 8 ಜನವರಿ 1950

ನನ್ನ ರಯೀಫಾ,

ಕ್ರಿಸ್‌ಮಸ್ ಮುಗಿದ ಮರುವಾರ ನಿನ್ನ ಕಾಗದ ಬಂತು. ಲಕೋಟೆಯ ಮೇಲೆ ಮಾವನ ಅಕ್ಷರ ನೋಡಿ, ಮತ್ತೆ ದುಡ್ಡು ಕೇಳಿದ್ದಾರೇನೋ ಎಂದು ಬೈದುಕೊಂಡೇ ಒಡೆದೆ. ಒಳಗೆ ನೀನು. ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟೆ. ಅಮ್ಮ ಬಂದು "ಏನೇ, ಬೆಕ್ಕಿನ ಹಾಗೆ ಕೂತಿದ್ದೀಯಾ?" ಎಂದರು. ನಾನು ಕಾಗದ ತೋರಿಸಿದೆ. ಆಮೇಲೆ ಅವರೂ ಕೂತರು.

ಹಾಲಾ ಬಗ್ಗೆ ಏನು ಬರೆಯಲಿ? ಆ ಟೋಪಿಯ ಉಳಿದ ನೂಲಿನ ಉಂಡೆ ಇನ್ನೂ ನನ್ನ ಬುಟ್ಟಿಯಲ್ಲಿದೆ. ಇವತ್ತು ಅದನ್ನು ಮುಟ್ಟಲಿಲ್ಲ.

ಹೋಗುತ್ತೇನೆ. ಖಂಡಿತ ಹೋಗುತ್ತೇನೆ. ಈಗ ಇಲ್ಲಿ ಒಂದೂರಿಂದ ಇನ್ನೊಂದೂರಿಗೆ ಹೋಗಲು ಪರವಾನಗಿ ಚೀಟಿ ಬೇಕು, ಆದರೆ ನನ್ನಂಥ ಟೀಚರುಗಳಿಗೆ ಕೊಡುತ್ತಾರೆ. ಮಕ್ಕಳಿಗೆ ಹೂ ತೋರಿಸಬೇಕು ಎಂದರೆ ಯಾರು ಬೇಡ ಅಂತಾರೆ? ನೀನು ಅದರ ಚಿಂತೆ ಬಿಡು.

ನನ್ನ ಚಿಂತೆ ಬೇರೆ. ಅಲ್ಲಿ ಗುಡ್ಡದ ತುಂಬ ಕಾಡು ತುರ್ಮುಸ್ ಇರುತ್ತದಲ್ಲ? ನನ್ನ ಕಣ್ಣಿಗೆ ಎಲ್ಲ ಒಂದೇ. ಕಾಲೇಜಿನಲ್ಲಿ ನಾನು ಹೂವನ್ನು ತಲೆಕೆಳಗಾಗಿ ಅಂಟಿಸಿ, ಮಿಸ್ ಸಲ್ಮಾ ಇಡೀ ತರಗತಿಗೆ ಹಾಳೆ ಎತ್ತಿ ತೋರಿಸಿದ್ದು ನೆನಪಿದೆಯಾ? "ಇವರ ಗಿಡ ಬೇರಿನಿಂದ ಹೂ ಬಿಡುತ್ತದೆ!" ಆಮೇಲೆ ಪರೀಕ್ಷೆಗೆ ನಿನ್ನ ಹಾಳೆಗಳನ್ನೇ ನಕಲು ಹೊಡೆದು ಪಾಸಾದವಳು ನಾನು. ಹಾಗಾಗಿ ದಡ್ಡಿಗೆ ಹೇಳುವ ಹಾಗೆ ಬಿಡಿಸಿ ಹೇಳು.

ನಬೀಹ್‌ನಿಗೆ ಮುತ್ತು. ನೀನು ನಿದ್ದೆ ಮಾಡುತ್ತಿದ್ದೀಯಾ? ಅಕ್ಷರ ನೋಡಿದರೆ ಮಾಡುತ್ತಿಲ್ಲ ಅನ್ನಿಸುತ್ತದೆ.

ಒಡೆಟ್


ಸೈದಾ, 9 ಫೆಬ್ರವರಿ 1950

ಒಡೆಟ್,

ಅಕ್ಷರ ನೋಡಿ ಹಿಡಿದುಬಿಟ್ಟೆಯಲ್ಲ! ನಿದ್ದೆ ಇಲ್ಲ. ನಬೀಹ್ ಮಲಗುತ್ತಾನೆ, ನಾನು ಅವನ ಮೂಗಿನ ಕೆಳಗೆ ಬೆರಳು ಹಿಡಿದು ಕೂರುತ್ತೇನೆ. ಉಸಿರು ತಾಕಿದರೆ ಸಮಾಧಾನ, ಮರುಕ್ಷಣ ಅದೂ ಸುಳ್ಳಿರಬಹುದು ಅನ್ನಿಸುತ್ತದೆ. ನಿನ್ನೆ ಅತ್ತೆ, "ಮಗೂನ ಹೀಗೆ ಕಾಯ್ತಾ ಕೂತ್ರೆ ಅದಕ್ಕೇ ಹೆದರಿಕೆ ಹತ್ಕೊಳ್ಳುತ್ತೆ. ಉಸಿರಾಡೋದು ಅದಕ್ಕೆ ಬರುತ್ತಮ್ಮಾ, ನೀನು ಕಾಲೇಜಲ್ಲಿ ಕಲಿಸ್ಬೇಕಾಗಿಲ್ಲ," ಎಂದು ಗದರಿದರು. ಹಗಲಲ್ಲಿ ಅನ್ನ ಬಡಿಸುವಾಗ ನಿಂತಲ್ಲೇ ತೂಕಡಿಸಿ ಸೌಟು ಕೆಳಗೆ ಹಾಕುತ್ತೇನೆ.

ಸರಿ, ಪಾಠ ಶುರು. ನೀನು ಹೋಗುವ ಗುಡ್ಡದಲ್ಲಿ ಹೆಚ್ಚಾಗಿ ಇರುವುದು ಬೆಟ್ಟದ ನೀಲಿ ಎನ್ನುವ ಕಾಡು ತುರ್ಮುಸ್. ಹೂ ಕಡುನೀಲಿ, ಕಾಂಡದ ಸುತ್ತ ಉಂಗುರ ಉಂಗುರವಾಗಿ ಕೂತಿರುತ್ತದೆ, ಬಳೆ ಏರಿಸಿದ ಹಾಗೆ. ಮೇಲಿನ ಅಗಲ ದಳದ ನಡುವೆ ಬಿಳಿ ಬೊಟ್ಟು ಇರುತ್ತದೆ. ಜೇನು ಬಂದು ಹೋದ ಮೇಲೆ ಆ ಬೊಟ್ಟು ಕೆಂಪಾಗುತ್ತದೆ. ಇಲ್ಲಿನದು ಮುಗಿಯಿತು, ಬೇರೆ ಕಡೆ ಹೋಗು ಎಂದು ಹೂವೇ ಹೇಳುವುದು. ಅದನ್ನು ಓದಿದಾಗ ನಾವಿಬ್ಬರೂ ಎಷ್ಟು ಖುಷಿಪಟ್ಟಿದ್ದೆವು.

ಹೂವಿನ ಬಣ್ಣ ಒಂದನ್ನೇ ನಂಬಬೇಡ. ಬೆಟ್ಟದ ನೀಲಿಯಲ್ಲೂ ಅಪರೂಪಕ್ಕೊಂದು ಬಿಳಿಯ ಗಿಡ ಹುಟ್ಟುತ್ತದೆ, ದಡ್ಡಿಯರನ್ನು ಮೋಸಗೊಳಿಸಲೆಂದೇ. ಆಗ ಎಲೆ ಮುಟ್ಟು. ಎರಡರ ಎಲೆಯೂ ಬೆರಳು ಬಿಡಿಸಿದ ಅಂಗೈಯ ಹಾಗೇ ಇರುತ್ತದೆ. ಆದರೆ ಕಾಡಿನದು ಎರಡೂ ಬದಿ ರೋಮ, ಬೆಕ್ಕಿನ ಕಿವಿಯ ಹಾಗೆ. ನಮ್ಮ ಬಿತ್ತಿದ ತುರ್ಮುಸಿನ ಎಲೆಯ ಮೇಲ್ಬದಿ ನುಣುಪು, ರೋಮವೇನಿದ್ದರೂ ಕೆಳಗೆ. ಹೂ ಬಿಳಿ, ತುದಿಯಲ್ಲಿ ನೀಲಿ ಸೋಕಿದ ಹಾಗೆ, ಮತ್ತು ಉಂಗುರವಾಗಿ ಕೂರದೆ ಒಂದಾದ ಮೇಲೊಂದು ಮೆಟ್ಟಿಲ ಹಾಗೆ ಏರುತ್ತದೆ. ಇನ್ನೊಂದು ಮಸುಕು ಬಿಳಿಯ ಜಾತಿಯೂ ಇದೆ, ಬೆಳ್ಳಿಯ ರೋಮದ್ದು. ಅದು ಕಡಲ ದಂಡೆಯ ಮರಳಿನದು. ಗುಡ್ಡದ ಕೆಂಪು ಮಣ್ಣಲ್ಲಿ ಬಾಳುವುದಿಲ್ಲ, ಅದರ ಮಾತು ಬಿಡು.

ಈ ವರ್ಷವೇ ಯಾಕೆ ಎಂದರೆ, ಕಾಡಿನದರ ಕಾಯಿ ಒಣಗಿದಾಗ ತಿರುಚಿಕೊಂಡು ಪಟ್ಟನೆ ಸಿಡಿದು ಬೀಜ ದೂರ ಎಸೆಯುತ್ತದೆ. ತಾನೇ ಬಿತ್ತಿಕೊಳ್ಳುತ್ತದೆ. ಮನುಷ್ಯರು ಬೆಳೆಸಿದ್ದರ ಕಾಯಿ ಸಿಡಿಯುವುದಿಲ್ಲ, ಕೊಯ್ಯುವ ಕೈಗೆ ಕಾದು ಹಾಗೇ ಒಣಗಿ ನಿಲ್ಲುತ್ತದೆ. ಯಾರೂ ಬರದಿದ್ದರೆ ಒಂದೆರಡು ಕಾಳು ಬುಡಕ್ಕೆ ಬಿದ್ದು ಹುಟ್ಟಬಹುದು. ವರ್ಷ ವರ್ಷ ಕಡಿಮೆಯಾಗುತ್ತದೆ. ಆಮೇಲೆ ನೀಲಿ ಎಲ್ಲವನ್ನೂ ಮುಚ್ಚಿಕೊಳ್ಳುತ್ತದೆ.

ಒಂದು ಗಿಡ ಹಾಳೆಯೊಳಗೆ ಒತ್ತಿ ಕಳಿಸು. ನೆಟ್ಟಗೆ ಅಂಟಿಸು!

ರಯೀಫಾ


ನಾಸಿರಾ, 12 ಏಪ್ರಿಲ್ 1950

ಪ್ರೀತಿಯ ರಯೀಫಾ,

ನಿನ್ನ ಕೆಲಸ ಆಯಿತು. ಹೋಗಿದ್ದೆ. ಸಿಕ್ಕಿತು. ಬಿಳಿಯ ಹೂವುಗಳು ಬಹಳ ಚೆನ್ನಾಗಿ ಬಂದಿವೆ. ಸುತ್ತ ಶಾಂತವಾಗಿತ್ತು, ತಣ್ಣನೆ ಗಾಳಿ ಬೀಸುತ್ತಿತ್ತು. ಒಂದು ಕಲ್ಲನ್ನೂ ಇಟ್ಟು ಬಂದೆ. ನಿನ್ನ ಪರವಾಗಿ ಪ್ರಾರ್ಥನೆ ಮಾಡಿದೆ.

ಒತ್ತಿದ ಹೂ ಇದರ ಜೊತೆಗಿದೆ. ನಿನಗೆ ಈಗಲಾದರೂ ಸಮಾಧಾನ ಸಿಗಲಿ. ಚೆನ್ನಾಗಿ ಮಲಗು. ನಿನ್ನ ಅತ್ತೆಯವರಿಗೆ ನನ್ನ ಸಲಾಂ ತಿಳಿಸು.

ನಿನ್ನ
ಒಡೆಟ್


ಸೈದಾ, 14 ಮೇ 1950

ಒಡೆಟ್,

ನಿನ್ನ ಕಾಗದದಲ್ಲಿ ಒಂದೂ ತಮಾಷೆ ಇರಲಿಲ್ಲ. ಅಲ್ಲೇ ನನಗೆ ಅನುಮಾನ ಬಂತು.

ಹಾಳೆ ಬಿಚ್ಚಿದೆ. ಈ ಸಲ ನೆಟ್ಟಗೇ ಅಂಟಿಸಿದ್ದೀಯ. ಎಲೆಯ ಎರಡೂ ಬದಿ ಬೆಳ್ಳಿಯ ರೋಮ. ಹೂ ಉಂಗುರವಾಗಿದೆ, ಮೆಟ್ಟಿಲಾಗಿಲ್ಲ. ಬಿಳಿಯಲ್ಲ, ಮಸುಕು. ಬೆಟ್ಟದ್ದಕ್ಕಿಂತ ಚಿಕ್ಕದು. ಹಾಳೆ ಕೊಡವಿದಾಗ ನನ್ನ ಮಡಿಲಿಗೆ ಮರಳು ಬಿತ್ತು. ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪು. ಇದು ಅಕ್ಕಾ ಊರಿನ ಕಡಲ ದಂಡೆಯ ಗಿಡ ಕಣೇ. ನೀನು ಗುಡ್ಡ ಹತ್ತಿಲ್ಲ.

ಬೈಯಲು ಬರೆಯುತ್ತಿಲ್ಲ. ಪರವಾನಗಿ ಸಿಕ್ಕಿರಲಿಕ್ಕಿಲ್ಲ. ಅಕ್ಕಾಗೆ ಹೇಗೋ ಸಿಕ್ಕಿತು, ಅಲ್ಲಿ ಬಿಳಿಯ ಹೂ ಕಂಡಿತು, ಪಾಪದ ರಯೀಫಾ ಮಲಗಲಿ ಎಂದುಕೊಂಡೆ. ನಾನು ಕೇಳಿದ್ದು ಒಂದು ಗೋರಿಯನ್ನು ನೋಡಿ ಬಾ ಎಂದು ಮಾತ್ರ ತಾನೆ? ನಿನ್ನ ಜಾಗದಲ್ಲಿ ನಾನಿದ್ದರೂ ಹೀಗೇ ಮಾಡುತ್ತಿದ್ದೆನೋ ಏನೋ. ಆದರೆ ನಿನಗೆ ಹೇಳದೆ ಉಳಿಸಿಕೊಂಡದ್ದು ಒಂದಿದೆ.

ನಾನು ಅವಳನ್ನು ಮಣ್ಣು ಮಾಡಿದ್ದನ್ನು ನೋಡಿಲ್ಲ. ನನಗೆ ಜ್ವರ ಏರಿತ್ತು. ಫಾಯೆಜ್ ನನ್ನನ್ನು ಕತ್ತೆಯ ಮೇಲೆ ಕೂರಿಸಿ ಕಟ್ಟಿದ್ದರು. ಹಾಲಾ ಅತ್ತೆಯ ತೋಳಲ್ಲಿ ಅಳುತ್ತಿದ್ದಳು. ಆಮೇಲೆ ಅಳು ಕೇಳಿಸಲಿಲ್ಲ. ನನಗೆ ಎಚ್ಚರವಾದಾಗ ನಾವು ಗಡಿ ದಾಟಿದ್ದೆವು, ಅತ್ತೆಯ ತೋಳು ಖಾಲಿ. "ಹೋಗಿಬಿಟ್ಲು ಮಗಾ," ಎಂದರು. ಅಷ್ಟೇ. ಫಾಯೆಜ್ ಆ ದಿನದಿಂದ ಅದರ ಮಾತೆತ್ತಿಲ್ಲ.

ಇಲ್ಲಿ ನಲ್ಲಿಯ ಸಾಲಿನಲ್ಲಿ ನನ್ನ ಹಿಂದೆ ನಿಲ್ಲುವ ಒಬ್ಬ ಹೆಂಗಸಿದ್ದಾಳೆ. ಒಂದು ದಿನ ಕೊಡ ತುಂಬುತ್ತಾ, ಹವಾಮಾನದ ಮಾತಾಡುವ ಹಾಗೆ ಹೇಳಿದಳು: "ನಮ್ಮ ಗುಂಪಿನಲ್ಲಿ ಒಬ್ಬಳು ಕೂಸನ್ನ ಆಲಿವ್ ಮರದ ಕೆಳಗೆ ಬಿಟ್ಟು ಬಂದ್ಲು. ಅಳ್ತಿತ್ತು ಕಣ್ರೀ. ಸೈನಿಕರಿಗೆ ಅಳು ಕೇಳಿಸಿದ್ರೆ ನಾವೆಲ್ಲ ಸಾಯ್ತಿದ್ವಿ." ಅವಳು ಕೊಡ ಎತ್ತಿಕೊಂಡು ಹೋದಳು. ನಾನು ಅಲ್ಲೇ ನಿಂತೆ.

ಹಾಲಾ ಎಂಥ ಅಳುಬುರುಕಿ ಎಂದು ಟೋಪಿ ಮುಟ್ಟಿದಾಗಲೇ ನಿನಗೆ ಬರೆದಿದ್ದೆನಲ್ಲ.

ಅಂದಿನಿಂದ ನಿದ್ದೆ ಇಲ್ಲ, ಒಡೆಟ್. ಅತ್ತೆಯನ್ನು ಕೇಳಬಹುದಿತ್ತು. ಕೇಳಿದರೆ ಅವರು ಏನು ಹೇಳಿದರೂ ನನಗೆ ನಂಬಿಕೆ ಬರುವುದಿಲ್ಲ. ನಂಬಬಲ್ಲದ್ದು ಆ ಗಿಡ ಒಂದನ್ನೇ. ಆ ಮೆಟ್ಟಿಲುಗದ್ದೆ ಎಷ್ಟೋ ವರ್ಷದಿಂದ ಬೀಳು, ಅಲ್ಲಿ ಯಾರೂ ತುರ್ಮುಸ್ ಬಿತ್ತುವುದಿಲ್ಲ. ಅಲ್ಲಿ ತುರ್ಮುಸ್ ಇದ್ದರೆ ಅತ್ತೆ ಹೇಳಿದ್ದು ನಿಜ, ನನ್ನ ಮಗಳು ಸತ್ತು ಮಣ್ಣಾದಳು. ಬರೀ ನೀಲಿ ಇದ್ದರೆ ಅವಳನ್ನು ಅಳುತ್ತಿರುವಾಗಲೇ ಬಿಟ್ಟು ಬಂದರು. ಆಗ ಯಾರೋ ಎತ್ತಿಕೊಂಡಿರಬಹುದು ಎಂದೂ ಅನ್ನಿಸುತ್ತದೆ. ಎಲ್ಲೋ ಬೇರೆ ಹೆಸರಿಗೆ ತಿರುಗಿ ನೋಡುತ್ತಿರಬಹುದು. ಹೆದರಿಕೆಯೂ ಆಸೆಯೂ ಒಂದೇ ಆಗಿಬಿಟ್ಟಿದೆ.

ನಿನ್ನ ಹೂವನ್ನು ಅತ್ತೆಗೆ ಕೊಟ್ಟೆ. ಅವರಿಗೆ ಈಗ ಕಣ್ಣು ಮಂಜು, ಎದೆನೋವು ಬೇರೆ, ಚಾಪೆ ಬಿಟ್ಟು ಏಳುವುದಿಲ್ಲ. ಎಲೆಯನ್ನು ಹೆಬ್ಬೆರಳಲ್ಲಿ ಸವರಿದರು.

"ಇದು ನನ್ನದಲ್ಲ," ಎಂದರು.

ನಾನು ಚಾಪೆಯ ಅಂಚು ಸರಿಪಡಿಸಿದೆ.

"ನಿನ್ನ ಗೆಳತಿಗೆ ಬೈಬೇಡ. ಅಷ್ಟು ದೂರ ಯಾರು ಬಿಡ್ತಾರೆ ಅವಳನ್ನ?" ಎಂದು ಹಾಳೆ ಮಡಿಸಿ ವಾಪಸ್ಸು ಕೊಟ್ಟರು. ಆಮೇಲೆ ನನ್ನ ಮುಖದ ಕಡೆಗೇ ನೋಡುತ್ತಿದ್ದರು, ಏನೋ ಕೇಳುತ್ತೇನೆಂದು ಕಾಯುವ ಹಾಗೆ. ನಾನು ನಬೀಹ್‌ನನ್ನು ಎತ್ತಿಕೊಂಡು ಹೊರಗೆ ಹೋದೆ.

ಹೋಗು ಎಂದು ಈ ಸಲ ಕೇಳುವುದಿಲ್ಲ. ಕೇಳುವ ಹಕ್ಕೂ ಇಲ್ಲ.

ರಯೀಫಾ


ನಾಸಿರಾ, 5 ಜುಲೈ 1950

ರಯೀಫಾ,

ಪರವಾನಗಿಗೆ ಮೂರು ಸಲ ಅರ್ಜಿ ಹಾಕಿದ್ದೆ. ಮೂರನೆಯ ಸಲ ಕಿಟಕಿಯಲ್ಲಿದ್ದವನು "ಅಲ್ಲಿ ಊರೇ ಇಲ್ಲ, ಏನು ನೋಡ್ತೀರಿ ಟೀಚರ್?" ಎಂದ. ಅಕ್ಕಾದಲ್ಲಿ ಅತ್ತಿಗೆಗೆ ಹೆರಿಗೆ ಎಂದು ಸುಳ್ಳು ಹೇಳಿ ಒಂದು ದಿನದ ಚೀಟಿ ಪಡೆದೆ. ಅಲ್ಲಿಂದ ಗುಡ್ಡಕ್ಕೆ ಜಾರಿಕೊಳ್ಳಬಹುದು ಅಂದುಕೊಂಡಿದ್ದೆ. ಅಕ್ಕಾದ ಬಸ್ ನಿಲ್ದಾಣದಲ್ಲೇ ಚೀಟಿ ನೋಡಿ ಗುಡ್ಡದ ಬಸ್ಸಿನಿಂದ ಇಳಿಸಿದರು. ಸಂಜೆಯ ಬಸ್ಸಿಗೆ ಕಾಯುತ್ತಾ ದಂಡೆಯಲ್ಲಿ ಕೂತಿದ್ದೆ. ಬಿಳಿ ಹೂ ಇತ್ತು. ಎಲೆಯಲ್ಲಿ ರೋಮ ಇದೆ ಎಂದು ಗೊತ್ತಾಯಿತು, ರಯೀಫಾ, ಅಷ್ಟು ದಡ್ಡಿಯಲ್ಲ ನಾನು. ಗೊತ್ತಾಗಿಯೂ ಕಿತ್ತೆ. ನಿನ್ನ ಕಣ್ಣಿಗೆ ನಿದ್ದೆಗೇಡಿನಲ್ಲಿ ಕಾಣಲಿಕ್ಕಿಲ್ಲ ಎಂದುಕೊಂಡೆ.

ನಿನ್ನ ಮೇ ತಿಂಗಳ ಕಾಗದವನ್ನು ಎರಡು ದಿನ ಜೇಬಲ್ಲಿಟ್ಟುಕೊಂಡು ಓಡಾಡಿದೆ. ಆಮೇಲೆ ಹೋದೆ. ಚೀಟಿಯಿಲ್ಲದೆ.

ಗಡಿಯ ಹತ್ತಿರದ ಊರೊಂದರ ಹೆಂಗಸರು ಈ ತಿಂಗಳಲ್ಲಿ ಝಾತರ್ ಸೊಪ್ಪು ಕೀಳಲು ಗುಡ್ಡ ಹತ್ತುತ್ತಾರೆ. ಅವರ ಜೊತೆ ಸೇರಿಕೊಂಡೆ, ತಲೆಗೆ ಅವರದೇ ಬಿಳಿ ವಸ್ತ್ರ ಕಟ್ಟಿ. ಮುಂದಿದ್ದ ಮುದುಕಿ ನನ್ನ ಬೂಟು ನೋಡಿ, "ಇವಳು ಸೊಪ್ಪು ಕೀಳೋಕೆ ಬಂದಿದ್ದಾಳೋ, ಮದುವೆಗೆ ಹೊರಟಿದ್ದಾಳೋ?" ಎಂದಳು. ಎಲ್ಲರೂ ನಕ್ಕರು. ಯಾಕೆ ಬಂದೆ ಎಂದು ಹೇಳಿದ ಮೇಲೆ ಯಾರೂ ನಗಲಿಲ್ಲ. ಆ ಮುದುಕಿ ತನ್ನ ಚಪ್ಪಲಿ ಬಿಚ್ಚಿ ನನಗೆ ಕೊಟ್ಟು, ತಾನು ಬರಿಗಾಲಲ್ಲಿ ನಡೆದಳು.

ಬುಗ್ಗೆ ಇದೆ. ಊರಿಲ್ಲ. ಅದರ ಬಗ್ಗೆ ಬರೆಯುವುದಿಲ್ಲ.

ಓಕ್ ಮರ ಇದೆ, ಸೀಳಿದ ಹಾಗೇ ಇದೆ. ಮೆಟ್ಟಿಲುಗದ್ದೆಯ ತುಂಬ ಒಣಗಿದ ಗಿಡ. ಹೂ ಎಲ್ಲಿಯದು ಈಗ? ನಾನು ದಿಕ್ಕು ತೋಚದೆ ನಿಂತೆ, ಬಣ್ಣವಿಲ್ಲ, ಎಲೆಯಿಲ್ಲ, ಹೇಗೆ ಗುರುತಿಸಲಿ ಎಂದು. ಆಮೇಲೆ ನಿನ್ನ ಪಾಠ ನೆನಪಾಯಿತು. ಮೊಣಕಾಲೂರಿ ಒಂದೊಂದೇ ನೋಡುತ್ತಾ ಹೋದೆ. ಎಲ್ಲದರ ಕಾಯಿಯೂ ಸಿಡಿದು ಸುರುಳಿ ಸುತ್ತಿಕೊಂಡಿತ್ತು. ಅವುಗಳ ಬೀಜ ನೆಲದ ಮೇಲೆ ಸಿಕ್ಕಿತು, ಕಂದು, ಒರಟು, ಸಣ್ಣ ಹರಳಿನ ಹಾಗೆ.

ಮೂಲೆಯಲ್ಲಿ ಕೆಲವು ಗಿಡ ನಿಂತಿದ್ದವು. ಅವುಗಳ ಕಾಯಿ ಸಿಡಿದಿರಲಿಲ್ಲ.

ಬಿಡಿಸಿದೆ. ಚಪ್ಪಟೆ, ನುಣುಪು, ಹಾಲಿನ ಕೆನೆಯ ಬಣ್ಣ. ಸಂತೆಯಲ್ಲಿ ಉಪ್ಪು, ಜೀರಿಗೆ ಹಾಕಿ ಪೊಟ್ಟಣ ಕಟ್ಟಿ ಕೊಡುತ್ತಾರಲ್ಲ, ನಾವು ಸಿಪ್ಪೆ ಉಗುಳುತ್ತಾ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂರುತ್ತಿದ್ದೆವಲ್ಲ, ಅದೇ ಕಾಳು. ಸುತ್ತಲಿನ ಮುಳ್ಳುಗಿಡವನ್ನೂ ಮೇಕೆಗಳು ಬುಡದವರೆಗೆ ತಿಂದಿದ್ದವು. ಅಲ್ಲಿ ಮಾತ್ರ ಮೂತಿ ಇಟ್ಟಿಲ್ಲ. ಆ ಜಾಗ ತೊಟ್ಟಿಲ ಹಾಸಿಗೆಯಷ್ಟಿತ್ತು, ರಯೀಫಾ. ಅಷ್ಟೇ ಅಗಲ, ಅಷ್ಟೇ ಉದ್ದ. ಅಂಚಿನಿಂದ ನೀಲಿಯ ಗಿಡಗಳು ಒಳಗೆ ಬರಲು ಶುರು ಮಾಡಿದ್ದವು, ಅವನ್ನು ಕಿತ್ತೆ.

ಅವಳು ಅಲ್ಲೇ ಇದ್ದಾಳೆ.

ಕಲ್ಲು ಈ ಸಲ ನಿಜವಾಗಿಯೂ ಇಟ್ಟೆ. ಅರ್ಧ ಕಾಳನ್ನು ಬೆರಳಿನಿಂದ ಅಲ್ಲೇ ಮಣ್ಣಿಗೆ ಒತ್ತಿದೆ, ಇನ್ನರ್ಧ ಈ ಬಟ್ಟೆಯ ಗಂಟಿನಲ್ಲಿದೆ. ಬಟ್ಟೆ ಅಲ್ಲ, ನೋಡು, ಆ ಟೋಪಿಯ ಹಳೇ ನೂಲಿನಲ್ಲಿ ಹೆಣೆದ ಚೀಲ. ಉಂಡೆ ಮುಗಿಯಿತು.

ಇನ್ನು ಮುಂದೆ ಶಾಲೆಯ ವಿಳಾಸಕ್ಕೆ ಬರೆಯಬೇಡ, ಮನೆಗೆ ಬರಿ. ಇಳಿಯುವಾಗ ಚೀಟಿ ಕೇಳಿದರು, ಸ್ವಲ್ಪ ತೊಂದರೆಯಾಯಿತು. ಅಂಥದ್ದೇನಿಲ್ಲ. ಅಮ್ಮನಿಗೆ ಹೊಲಿಗೆಯಲ್ಲಿ ಒಬ್ಬ ಸಹಾಯಕಿ ಬೇಕಿತ್ತು, ಸಿಕ್ಕಳು.

ಒಡೆಟ್


ಸೈದಾ, 24 ಸೆಪ್ಟೆಂಬರ್ 1950

ನನ್ನ ಒಡೆಟ್,

ನಿನ್ನ ಚೀಲ ಆಗಸ್ಟಿನ ಕೊನೆಗೆ ಬಂತು. ಅತ್ತೆ ಜುಲೈನಲ್ಲೇ ತೀರಿಕೊಂಡಿದ್ದರು.

ಚೀಲವನ್ನು ಚಾಪೆಯ ಮೇಲೆ ಸುರಿದೆ. ಫಾಯೆಜ್ ಕೆಲಸದಿಂದ ಬಂದವರು ಬಾಗಿಲಲ್ಲೇ ನಿಂತರು. ಒಂದು ಕಾಳು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಎಲ್ಲಿಯದು ಎಂದು ಕೇಳಲಿಲ್ಲ.

"ಎಲ್ಲರೂ ಹಾಸಿಗೆ, ಪಾತ್ರೆ ತಗೊಂಡ್ರು," ಎಂದರು. "ಅಮ್ಮ ಬಿತ್ತನೆ ಚೀಲ ತಗೊಂಡ್ಲು. ವಾರದಲ್ಲಿ ವಾಪಸ್ ಬರ್ತೀವಿ, ಮಳೆ ಬರೋದ್ರೊಳಗೆ ಬಿತ್ತಬೇಕು ಅಂತ. ಓಕ್ ಮರದ ಹತ್ರ ನಿಂತು ನನ್ನ ಕರೆದ್ಲು. ಮಗುವಿನ ಉಸಿರು ನಿಂತಿತ್ತು, ಮೈ ಬಿಸಿ ಇತ್ತು ಇನ್ನೂ. ತನ್ನ ಕೈಯಲ್ಲೇ ಅಗೆದ್ಲು, ನನ್ನ ಮುಟ್ಟೋಕೆ ಬಿಡಲಿಲ್ಲ."

"ನನಗ್ಯಾಕೆ ಹೇಳಲಿಲ್ಲ ನೀವು?" ಎಂದೆ.

"ನೀನು ಕೇಳ್ತೀಯ ಅಂತ ಕಾಯ್ತಿದ್ಲು. ನೀನು ಅವಳನ್ನ ನೋಡೋ ರೀತಿ ಅವಳಿಗೆ ಗೊತ್ತಾಗಿತ್ತು ರಯೀಫಾ. 'ತಾನಾಗೇ ಕೇಳ್ಲಿ ಬಿಡು, ಬಾಯಿ ಬಿಟ್ಟು ಕೇಳಿದ ದಿನ ಹೇಳ್ತೀನಿ, ನೀನು ಮಧ್ಯ ಬರಬೇಡ' ಅಂದಿದ್ಲು."

ಅವರು ಕಾದರು. ನಾನು ಕೇಳಲಿಲ್ಲ. ಕೊನೆಯ ವಾರ ಅವರಿಗೆ ನೀರು ಕುಡಿಸಿದೆ, ಬೆನ್ನು ಒರೆಸಿದೆ, ಜಡೆ ಹೆಣೆದೆ. ಆಗಲೂ ಕೇಳಲಿಲ್ಲ.

ಚೀಲ ಬಂದ ರಾತ್ರಿ ನಬೀಹ್ ಎದ್ದು ಅತ್ತನಂತೆ, ಅಪ್ಪನೇ ಎತ್ತಿಕೊಂಡು ಓಡಾಡಿಸಿದರಂತೆ. ನನಗೆ ಕೇಳಿಸಲೇ ಇಲ್ಲ. ಬಿಸಿಲು ಡೇರೆಯೊಳಗೆ ಬಂದ ಮೇಲೆ ಎದ್ದೆ. ಎದ್ದಾಗ ಮೊದಲು ನೆನಪಾದದ್ದು, ಹಾಲಾಗೆ ಈಗ ಎರಡು ವರ್ಷ ಆಗಿಲ್ಲ ಎಂದು. ಅವಳು ಎಲ್ಲೂ ನಡೆಯಲು ಕಲಿಯುತ್ತಿಲ್ಲ, ಯಾರನ್ನೂ ಅಮ್ಮ ಎನ್ನುತ್ತಿಲ್ಲ. ನನಗೆ ಗೊತ್ತಿಲ್ಲದೆಯೇ ಇಷ್ಟು ದಿನ ಅವಳಿಗೆ ವಯಸ್ಸು ಏರಿಸುತ್ತಾ ಬಂದಿದ್ದೆ. ಈಗ ನಿಂತಿತು. ಮೂರು ತಿಂಗಳಿಗೇ ನಿಂತಿತು.

ಅತ್ತೆಯ ಗೋರಿ ಇಲ್ಲಿ ಊರಾಚೆಯ ಹೊಸ ಸ್ಮಶಾನದಲ್ಲಿದೆ. ನಿನ್ನೆ ಫಾಯೆಜ್ ಮಣ್ಣು ಕೆದಕಿ ಕೊಟ್ಟರು, ನೀನು ಕಳಿಸಿದ್ದರಲ್ಲಿ ಅರ್ಧ ಅಲ್ಲಿ ಬಿತ್ತಿದೆ. ಆಮೇಲೆ ಅತ್ತೆಯನ್ನು ಕೇಳಬೇಕಾದ್ದನ್ನು ಕೇಳಿದೆ, ಬಾಯಿ ಬಿಟ್ಟು, ಜೋರಾಗಿ. ಪಕ್ಕದ ಗೋರಿಗೆ ಬಂದಿದ್ದ ಹೆಂಗಸು ತಿರುಗಿ ನೋಡಿದಳು.

ಶಾಲೆಯ ಬಗ್ಗೆ ನೀನು ಬರೆದದ್ದು ನನಗೆ ಅರ್ಥವಾಗಿದೆ. ನನಗಾಗಿ ನಿನ್ನ ಕೆಲಸ ಹೋಯಿತು.

ಉಳಿದ ಕಾಳು ಅದೇ ಚೀಲದಲ್ಲಿ ನಿನಗೆ ವಾಪಸ್ಸು ಬರುತ್ತಿದೆ. ಯಾರಾದರೂ ಕೈಯಿಂದ ಬಿತ್ತದಿದ್ದರೆ ಅದು ಉಳಿಯುವುದಿಲ್ಲ ಎಂದು ಹೇಳಿದ್ದೆನಲ್ಲ. ಈ ವರ್ಷ ಆಗದಿದ್ದರೆ ಮುಂದಿನ ವರ್ಷ. ಎಂದೂ ಆಗದಿದ್ದರೆ ನಿನ್ನ ಹಿತ್ತಲಲ್ಲಿ ಬಿತ್ತಿಕೋ. ನೆನೆಹಾಕಿ ಕಹಿ ತೆಗೆದು ತಿನ್ನು.

ಒಂದೇ ಒಂದು ಮಾತು. ಹೋಗಲು ಆಗದಿದ್ದರೆ ಹೋಗಿದ್ದೆ ಎಂದು ಬರೆಯಬೇಡ. ಹೋಗಲಿಲ್ಲ ಎಂದು ಬರಿ. ನಾನು ನಂಬುತ್ತೇನೆ.

ನಿನ್ನ
ರಯೀಫಾ